ಗೋಲ್ ಕಾಯುವ ಹುಡುಗಿಯರು
ಕೊಲ್ಹಾಪುರ ಸೀಮೆಯ ಕಾಲೇಜು ಫುಟ್‌ಬಾಲ್

ಕೊಲ್ಹಾಪುರವೆಂದೊಡನೆ ನಮಗೆ ನೆನಪಾಗುವುದು ಅಂಬಾಬಾಯಿಯ ಗುಡಿ, ಬೆಲ್ಲ, ಚಪ್ಪಲಿ ಮತ್ತು ಕುಸ್ತಿ. ಆದರೆ ಆ ಊರಿನವರು ಕುಸ್ತಿಯಷ್ಟೇ ಹಚ್ಚಿಕೊಂಡಿರುವ ಇನ್ನೊಂದು ಆಟ ಫುಟ್‌ಬಾಲ್. ಪಾಟಾಕಡೀಲ್, ದಿಲ್‌ಬಹಾರ್, ಬಾಲಗೋಪಾಲ್ ಮುಂತಾದ ತಾಲೀಮುಗಳು, ಎಂದರೆ ಗರಡಿಮನೆಗಳು, ತಮ್ಮ ಹೆಸರಿನಲ್ಲೇ ತಂಡ ಕಟ್ಟಿ ಶಾಹು ಕ್ರೀಡಾಂಗಣದಲ್ಲಿ ಸೆಣಸುತ್ತವೆ. ಮಗ್ಗಗಳ ಊರಾದ ಇಚಲಕರಂಜಿಯಲ್ಲೂ, ಕನ್ನಡ ಮಾತು ಕಿವಿಗೆ ಬೀಳುವ ಗಡಹಿಂಗ್ಲಜದಲ್ಲೂ ಈ ಆಟಕ್ಕೆ ಅಭಿಮಾನಿಗಳಿದ್ದಾರೆ.

ಈ ಹುಚ್ಚು ಬಹುಕಾಲ ಗಂಡಸರದೇ ಆಗಿತ್ತು. ಹೆಣ್ಣುಮಕ್ಕಳಿಗೆ ಮೈದಾನದ ಬಾಗಿಲು ತೆರೆಯುವಲ್ಲಿ ಕಾಲೇಜುಗಳ ಪಾಲು ದೊಡ್ಡದು. 1962ರಲ್ಲಿ ಸ್ಥಾಪನೆಯಾದ ಶಿವಾಜಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಕೊಲ್ಹಾಪುರ, ಸಾಂಗ್ಲಿ, ಸಾತಾರಾ ಜಿಲ್ಲೆಗಳ ಕಾಲೇಜುಗಳು ಸೇರಿವೆ. ಕಾಲೇಜು ಪಂದ್ಯಗಳಲ್ಲಿ ಎದ್ದು ಕಂಡವರಿಗೆ ವಿಶ್ವವಿದ್ಯಾಲಯದ ತಂಡ, ಅಲ್ಲಿಂದ ಪಶ್ಚಿಮ ವಲಯದ ಪಂದ್ಯಾವಳಿ. ಇದು ಮೆಟ್ಟಿಲು.

ಎತ್ತರವೊಂದೇ ಸಾಲದು

ಹತ್ತು ಸ್ಥಾನಗಳಿಗೆ ಪೈಪೋಟಿ ನಡೆದರೆ ಹನ್ನೊಂದನೆಯದಕ್ಕೆ ಹುಡುಗಿಯನ್ನು ಒಪ್ಪಿಸಬೇಕಾಗುತ್ತದೆ. ಉದ್ದವಾಗಿರುವವಳನ್ನೋ, ಓಡಲಾರದವಳನ್ನೋ ಗೋಲಿನ ಮುಂದೆ ನಿಲ್ಲಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ 24 ಅಡಿ ಅಗಲ, 8 ಅಡಿ ಎತ್ತರದ ಗೋಲನ್ನು ಎತ್ತರವೊಂದೇ ಕಾಯಲಾರದು. ಬಲ್ಲ ತರಬೇತಿದಾರರು ಖೋಖೋ, ಕಬಡ್ಡಿ, ಹ್ಯಾಂಡ್‌ಬಾಲ್ ಆಡುವವರತ್ತ ಕಣ್ಣು ಹಾಯಿಸುತ್ತಾರೆ. ಚುರುಕು ಕಾಲು, ಬೀಳಲು ಅಂಜದ ಮೈ, ಚೆಂಡು ಹಿಡಿಯುವ ಕೈ ಅಲ್ಲಿ ಆಗಲೇ ಪಳಗಿರುತ್ತವೆ. 2015ರಲ್ಲಿ ಇಂಗ್ಲೆಂಡಿನ ವೆಸ್ಟ್ ಹ್ಯಾಮ್ ಮಹಿಳಾ ತಂಡ ಸೇರಿದ ಅದಿತಿ ಚೌಹಾಣ್ ಕೂಡ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಆಡಿದವರೇ.

ಬೀಳುವುದೂ ಒಂದು ವಿದ್ಯೆ

ತರಬೇತಿ ಆರಂಭವಾಗುವುದು ನಿಲ್ಲುವುದರಿಂದ: ಮೊಣಕಾಲು ತುಸು ಬಾಗಿ, ಭಾರ ಮುಂಗಾಲಿನ ಮೇಲೆ. ಮೊದಲು ಮಂಡಿಯೂರಿ ಪಕ್ಕಕ್ಕೆ ಉರುಳುವುದು, ಆಮೇಲೆ ನಿಂತು, ಕೊನೆಗೆ ಹಾರಿ ಬೀಳುವುದು. ಈ ಕ್ರಮ ತಪ್ಪಿದರೆ ಗಟ್ಟಿ ನೆಲದಲ್ಲಿ ಭುಜ, ಸೊಂಟಕ್ಕೆ ಪೆಟ್ಟು. ಮೊಣಕಾಲಿನ ಕಟ್ಟು ಹರಿಯುವ ಅಪಾಯ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೆ ಹೆಚ್ಚು. ಆದುದರಿಂದ ನೆಗೆದು ಇಳಿಯುವ ರೀತಿಯನ್ನು ಕಲಿಸಲೇಬೇಕು. ಎದುರಾಳಿ ಒಬ್ಬಳೇ ನುಗ್ಗಿ ಬಂದಾಗ ಮುಂದೆ ಸರಿದು ಕೋನವನ್ನು ಕಿರಿದಾಗಿಸುವುದು ಮುಂದಿನ ಪಾಠ. ಸಂಗಡಿಗರು ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೈಯಲ್ಲಿ ಹಿಡಿಯಬಾರದೆಂಬ ನಿಯಮ 1992ರಲ್ಲಿ ಬಂದಂದಿನಿಂದ ಗೋಲ್‌ಕೀಪರಿಗೆ ಕಾಲಿನ ಆಟವೂ ಬೇಕಾಗಿದೆ.

ಆಯ್ಕೆ ಹೇಗೆ?

ತಡೆದ ಚೆಂಡುಗಳನ್ನು ಎಣಿಸಿದರೆ ಸಾಲದು. ಹಿಂದಿನಿಂದ ಇಡೀ ಮೈದಾನ ಕಾಣುವವಳು ಅವಳೊಬ್ಬಳೇ. ಕೂಗಿ ಹೇಳುವ ಗಂಟಲು ಅವಳಿಗಿರಬೇಕು. 'ಮೆಲ್ಲಗೆ ಮಾತಾಡು' ಎಂದು ಮನೆಯಲ್ಲಿ ಕೇಳುತ್ತಾ ಬೆಳೆದ ಹುಡುಗಿಗೆ ಇದೇ ಕಠಿಣ. ಎಲ್ಲಕ್ಕಿಂತ ಮಿಗಿಲಾಗಿ, ಗೋಲು ಬಿಟ್ಟುಕೊಟ್ಟ ಮರುನಿಮಿಷ ಅವಳು ಹೇಗೆ ನಿಲ್ಲುತ್ತಾಳೆಂದು ನೋಡಬೇಕು. ಎರಡನೆಯ ಗೋಲ್‌ಕೀಪರಿಗೂ ಸಣ್ಣ ಪಂದ್ಯಗಳಲ್ಲಿ ಅವಕಾಶ ಸಿಗಬೇಕು. ಬೆಂಚಿನಲ್ಲೇ ವರ್ಷ ಕಳೆದವಳು ಮರುವರ್ಷ ಬರುವುದಿಲ್ಲ.

ನಮ್ಮ ಜಿಲ್ಲೆಯ ಮನೆಗಳಿಗೂ ಫುಟ್‌ಬಾಲ್ ಹೊಸತಲ್ಲ. 1980ರಲ್ಲಿ ನಮ್ಮ ಕಲ್ಲಿಕೋಟೆಯಲ್ಲೇ ನಡೆದ ಏಷ್ಯಾ ಮಹಿಳಾ ಪಂದ್ಯಾವಳಿಯಲ್ಲಿ ಭಾರತ ಫೈನಲ್ ತಲುಪಿತ್ತು. 2025ರಲ್ಲಿ ನಮ್ಮ ಹುಡುಗಿಯರು ಥಾಯ್ಲೆಂಡನ್ನು ಅದರ ನೆಲದಲ್ಲೇ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿದರು. ಮಗಳು ಕೈಗವಸು ಕೇಳಿದರೆ ಹೆತ್ತವರು ನಗಬಾರದು. ಗೋಲು ಹೋದ ಸಂಜೆ ಮನೆಗೆ ಬಂದವಳಿಗೆ ಒಂದು ಲೋಟ ಬಿಸಿ ಕಾಫಿ ಕೊಟ್ಟು, ನಾಳೆಯೂ ಮೈದಾನಕ್ಕೆ ಕಳುಹಿಸಿದರೆ ತರಬೇತಿಯ ಅರ್ಧ ಕೆಲಸ ಮುಗಿದಂತೆ.