ದುಡಿದರೂ ಇಳಿಯದ ತೂಕ

ಅಡಿಕೆ ಕೊಯ್ಲು ಶುರುವಾಯಿತೆಂದರೆ ಚನ್ನಗಿರಿ ಸೀಮೆಯ ಎಷ್ಟೋ ಹೆಂಗಸರ ದಿನ ಮೆಟ್ಟುಗತ್ತಿಯ ಮುಂದೆಯೇ ಕಳೆಯುತ್ತದೆ. ಸುಲಿಯುವ ಯಂತ್ರ ಬಂದಿದ್ದರೂ ಕೈಸುಲಿತ ಪೂರ್ತಿ ನಿಂತಿಲ್ಲ. ಬೆಳಗಿನಿಂದ ಕೂತಲ್ಲೇ ಕೂತು ಸುಲಿದರೆ ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ, ಬೆರಳೆಲ್ಲ ಕಪ್ಪು ಕರೆ. ನಡುನಡುವೆ ಸಕ್ಕರೆ ಬಿದ್ದ ಚಹಾ, ಒಂದು ಬೊಗಸೆ ಮಂಡಕ್ಕಿ. ಇಂಥವಳಿಗೆ ಡಾಕ್ಟರು ‘ಸ್ವಲ್ಪ ಮೈ ಬಗ್ಗಿಸಿ, ತೂಕ ಇಳಿಸಿ’ ಎಂದರೆ ಸಿಟ್ಟು ಬರದೆ ಇರುತ್ತದೆಯೇ? ಆದರೂ ಒಂದು ಮಾತು ನಿಜ. ದಣಿಸುವ ಕೆಲಸವೆಲ್ಲ ಮೈ ಕರಗಿಸುವ ಕೆಲಸವಲ್ಲ. ಸುಲಿತದಲ್ಲಿ ದುಡಿಯುವುದು ಕೈ ಮತ್ತು ಬೆನ್ನು. ದೇಹದಲ್ಲಿ ಸಕ್ಕರೆಯನ್ನು ಹೆಚ್ಚು ಉರಿಸುವ ತೊಡೆಯ ದೊಡ್ಡ ಸ್ನಾಯುಗಳು ದಿನವಿಡೀ ಮಡಚಿಕೊಂಡೇ ಇರುತ್ತವೆ.

ಅಂಡಾಶಯದ ತೊಂದರೆಯಾದ ಪಿಸಿಒಡಿ ಇದ್ದವರಿಗೆ ಈ ವ್ಯತ್ಯಾಸ ಇನ್ನೂ ಮುಖ್ಯ. ಹೆರುವ ವಯಸ್ಸಿನ ಸುಮಾರು 10 ಹೆಂಗಸರಲ್ಲಿ ಒಬ್ಬರಿಗೆ ಇರುವ ತೊಂದರೆ ಇದು. 1935ರಲ್ಲಿ ಅಮೆರಿಕದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಇದನ್ನು 7 ಹೆಂಗಸರಲ್ಲಿ ಗುರುತಿಸಿ ಬರೆದರು. ಸ್ಕ್ಯಾನಿಂಗಿನಲ್ಲಿ ಕಾಣುವುದನ್ನು ನಮ್ಮ ಕಡೆ ‘ನೀರುಗುಳ್ಳೆ’ ಎನ್ನುತ್ತಾರೆ. ಅವು ಗೆಡ್ಡೆಯಲ್ಲ, ಅರ್ಧದಲ್ಲೇ ಬೆಳವಣಿಗೆ ನಿಂತ ಅಂಡಾಣುವಿನ ಪುಟ್ಟ ಚೀಲಗಳು. ಬಹಳಷ್ಟು ಜನರಲ್ಲಿ ಇದರ ಹಿಂದೆ ಇನ್ಸುಲಿನ್ನಿನ ಗೋಳಿದೆ. ಭದ್ರಾ ನಾಲೆಯಲ್ಲಿ ನೀರಿದ್ದೂ ಗದ್ದೆಯ ಮಡೆ ಹೂಳು ಕಟ್ಟಿದ್ದರೆ, ಇನ್ನಷ್ಟು ನೀರು ಬಿಟ್ಟು ನುಗ್ಗಿಸಬೇಕಾಗುತ್ತದಲ್ಲ, ಹಾಗೆ. ಜೀವಕೋಶ ಸುಲಭಕ್ಕೆ ಸಕ್ಕರೆಯನ್ನು ಒಳಬಿಟ್ಟುಕೊಳ್ಳುವುದಿಲ್ಲ, ದೇಹ ಇನ್ಸುಲಿನ್ ಸುರಿಯುತ್ತಲೇ ಹೋಗುತ್ತದೆ. ಆ ಹೆಚ್ಚಿನ ಇನ್ಸುಲಿನ್ ಕೊಬ್ಬು ಕರಗಲು ಬಿಡುವುದಿಲ್ಲ. ಅಂಡಾಶಯದಲ್ಲಿ ಗಂಡು ಹಾರ್ಮೋನನ್ನೂ ಹೆಚ್ಚಿಸುತ್ತದೆ. ಮುಟ್ಟು ಮುಂದೆ ಹೋಗುವುದು, ಗಲ್ಲದ ಮೇಲೆ ಕೂದಲು, ಸೊಂಟದ ಸುತ್ತ ಬೊಜ್ಜು ಎಲ್ಲಕ್ಕೂ ಇಲ್ಲೇ ನಂಟು. ‘ಮದುವೆ ಆದ್ರೆ ಎಲ್ಲಾ ಸರಿಹೋಗುತ್ತೆ’ ಎನ್ನುವವರು ಈ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನ.

ಥೈರಾಯ್ಡ್ ಕಥೆ ಬೇರೆ. ಅದರ ತಲೆಗೆ ಕಟ್ಟುವಷ್ಟು ತೂಕ ಅದರದ್ದಲ್ಲ. ಗ್ರಂಥಿ ಮಂದವಾದಾಗ ಏರುವುದು ಸಾಮಾನ್ಯವಾಗಿ 2ರಿಂದ 5 ಕಿಲೊ, ಅದರಲ್ಲೂ ಬಹುಪಾಲು ಉಪ್ಪು-ನೀರಿನ ಬಾವು. ಮಾತ್ರೆ ಸರಿಹೊಂದಿದರೆ ಅಷ್ಟು ಇಳಿಯಬಹುದು. ಉಳಿದ ಹತ್ತೋ ಹದಿನೈದೋ ಕಿಲೊಗೆ ಬೇರೆ ಕಾರಣ ಹುಡುಕಬೇಕು. ಇನ್ನು ಮಾತ್ರೆ ಸರಿಹೊಂದುವುದಾದರೂ ಹೇಗೆ? ಹೊನ್ನಾಳಿಯ ಕಡೆ ನಾಟಿಗೆ ಹೊರಡುವ ಹೆಂಗಸಿಗೆ ಬೆಳಗ್ಗೆ ಪುರುಸೊತ್ತೆಲ್ಲಿ? ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ಚಹಾ ಲೋಟ. ಚಹಾ, ಕಾಫಿ, ಹಾಲು ಜೊತೆಗಿದ್ದರೆ ಮಾತ್ರೆ ಮೈಗೆ ಹತ್ತುವುದು ಕಡಿಮೆ. ಖಾಲಿ ಹೊಟ್ಟೆಗೆ ಬರೀ ನೀರಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗಂತೂ 4 ಗಂಟೆ ಅಂತರ ಬೇಕು. ಇದನ್ನು ಬಿಡಿಸಿ ಹೇಳದೆ ಚೀಟಿ ಮಾತ್ರ ಬರೆದುಕೊಡುವ ಕಡೆ ಡೋಸು ಏರುತ್ತಲೇ ಹೋಗುತ್ತದೆ.

ಇನ್ನು ಊಟ. ಪೇಟೆಯಿಂದ ಬರುವ ಡಯಟ್ ಚೀಟಿಯಲ್ಲಿ ಓಟ್ಸ್, ಕ್ವಿನೊವಾ. ಜಗಳೂರಿನ ಒಣಭೂಮಿಯವರಿಗೆ ಅದರ ಹಂಗೇಕೆ? ಹಾಗೆಂದು ‘ನಮ್ಮ ರಾಗಿ ಇದೆಯಲ್ಲ’ ಎಂದು ಎರಡು ದೊಡ್ಡ ಮುದ್ದೆ ಇಳಿಸಿದರೂ ಆಗದು, ರಾಗಿಯೂ ಪಿಷ್ಟವೇ. ನನಗೆ ಕಾಣುವಂತೆ ನಮ್ಮ ತಟ್ಟೆಯ ದೋಷ ಅಕ್ಕಿಯೋ ರಾಗಿಯೋ ಎಂಬುದಲ್ಲ, ಕಾಳಿನ ಕೊರತೆ. ಹುರುಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡುತ್ತೇವೆ, ಎಲ್ಲರಿಗೂ ಬಡಿಸಿದ ಮೇಲೆ ಕಡೆಗೆ ಕೂರುವ ಸೊಸೆಯ ಪಾಲಿಗೆ ಕಾಳು ಉಳಿದಿರುವುದಿಲ್ಲ. ಅನ್ನ, ತಿಳಿ ಅಷ್ಟೇ. ಮೊಟ್ಟೆ, ಮಜ್ಜಿಗೆ, ಹೆಸರುಕಾಳಿನ ಕೋಸಂಬರಿ, ಯಾವುದಾದರೂ ಸರಿ, ಅವಳ ತಟ್ಟೆಗೆ ಮೊದಲು ಬೀಳಲಿ. ಪಿಸಿಒಡಿಗೆಂದೇ ಒಂದು ವಿಶೇಷ ಪಥ್ಯ ಮಿಕ್ಕದ್ದಕ್ಕಿಂತ ಮೇಲು ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳಿಲ್ಲ. ಡಬ್ಬಿಯಲ್ಲಿ ಶೇಕ್ ಪುಡಿ ಮಾರುವವರು ಇದನ್ನು ಓದುವುದಿಲ್ಲವೆನ್ನಿ.

ನಡಿಗೆಗೂ ಅಡ್ಡಿ ಇದೆ. ನ್ಯಾಮತಿಯಂಥ ಸಣ್ಣ ಊರಲ್ಲಿ ಹೆಂಗಸೊಬ್ಬಳು ಸುಮ್ಮನೆ ಬಿರಬಿರ ನಡೆದರೆ ‘ಎತ್ಲಾಗ್ ಹೊಂಟ್ಯವ್ವ?’ ಎಂಬ ಪ್ರಶ್ನೆ ಎದುರಾಗುತ್ತದೆ. ಗುಡಿಗೆ ಎನ್ನಬೇಕು, ಇಲ್ಲವೇ ಜೊತೆಗೆ ನಾಲ್ಕು ಜನರನ್ನು ಕಟ್ಟಿಕೊಳ್ಳಬೇಕು. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ, ಎರಡು ದಿನ ಕುರ್ಚಿಯಿಂದ ಎದ್ದು ಕೂರುವಂಥ ಬಲದ ಕಸರತ್ತು ಸಾಕು. ಗುರಿಯೂ ದೊಡ್ಡದಲ್ಲ. 70 ಕಿಲೊ ಇದ್ದವರು ಮೂರೂವರೆ ಕಿಲೊ, ಅಂದರೆ ಶೇ 5ರಷ್ಟು ಇಳಿದರೂ ಹಲವರಲ್ಲಿ ಮುಟ್ಟು ಹಳಿಗೆ ಬರುತ್ತದೆ. ಸೊಂಟದ ಅಳತೆ 80 ಸೆಂಟಿಮೀಟರಿನ ಒಳಗಿದೆಯೇ ಎಂದೂ ಟೇಪು ಹಿಡಿದು ನೋಡಿಕೊಳ್ಳಬೇಕು. ಬೇಗ ಸಣ್ಣಗಾಗಬೇಕೆಂದು ಥೈರಾಯ್ಡ್ ಮಾತ್ರೆಯನ್ನು ತಾವೇ ಹೆಚ್ಚಿಸಿಕೊಳ್ಳುವುದು ಮಾತ್ರ ಅಪಾಯ: ಎದೆ ಡವಗುಟ್ಟುತ್ತದೆ, ಮೂಳೆ ಸವೆಯುತ್ತದೆ.

ಡಾಕ್ಟರ ಬಳಿ ಹೋಗುವುದೂ ಸುಲಭವಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಹೊನ್ನಾಳಿ, ನ್ಯಾಮತಿಯವರು ದೊಡ್ಡ ಡಾಕ್ಟರೆಂದರೆ ಈಗಲೂ ಶಿವಮೊಗ್ಗದ ಬಸ್ಸು ಹತ್ತುವುದುಂಟು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿನ ಚಿಂತೆ ತಪ್ಪಿದೆ, ಆದರೆ ಆ ದಿನದ ಕೂಲಿ ಹೋಗುತ್ತದೆ. ಥೈರಾಯ್ಡ್ ಮಾತ್ರೆಯ ಡೋಸು ಬದಲಾದ ಮೇಲೆ 6ರಿಂದ 8 ವಾರಕ್ಕೆ ರಕ್ತದ ಟಿಎಸ್‌ಎಚ್ ಪರೀಕ್ಷೆ ಮತ್ತೆ ಮಾಡಿಸಬೇಕು. ಅದಕ್ಕೆ ಉಪವಾಸ ಕಡ್ಡಾಯವೇನಲ್ಲ. ಹಾಗಿದ್ದ ಮೇಲೆ ಸಂತೆಗೆ ಬಂದವರ ರಕ್ತವನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ತೆಗೆದುಕೊಂಡು, ಮುಂದಿನ ಸಂತೆಗೆ ರಿಪೋರ್ಟ್ ಕೈಗೆ ಕೊಡಲು ಏನು ಅಡ್ಡಿ?