ತೆಂಗಿನ ಮರ ಹತ್ತುವವನ ಸೊಂಟಪಟ್ಟಿ ಯಾರ ಖರ್ಚು?

ಅಮೆರಿಕದ ಜಿಂಕೆ ಬೇಟೆಗಾರರಲ್ಲಿ ‘ಸ್ಯಾಡಲ್’ ಎಂಬ ಸಾಧನವು ಬಳಕೆಯಲ್ಲಿದೆ. ಹೆಸರು ಕುದುರೆಯ ಜೀನಿನದಾದರೂ ವಸ್ತು ಬೇರೆ. ಸೊಂಟ ಮತ್ತು ತೊಡೆಗಳನ್ನು ಹಿಡಿದಿಡುವ ಅಗಲವಾದ ಪಟ್ಟಿಯನ್ನು ಹಗ್ಗದಿಂದ ಕಾಂಡಕ್ಕೆ ಬಂಧಿಸಿ ಬೇಟೆಗಾರನು ಅದರಲ್ಲಿಯೇ ತೂಗಿ ಕುಳಿತಿರುತ್ತಾನೆ. ಮೇಲೇರಲು ಕಾಂಡಕ್ಕೆ ಪಟ್ಟಿಯಿಂದ ಬಿಗಿಯುವ ಲೋಹದ ಮೆಟ್ಟಿಲುಗಳಿವೆ. ಮರದೊಳಗೆ ತಿರುಪಿನಂತೆ ಕೊರೆದು ನಿಲ್ಲಿಸುವ ಮೆಟ್ಟಿಲುಗಳೂ ಉಂಟು. ಮರಕ್ಕೆ ಗಾಯವಾಗುವುದೆಂದು ಅಲ್ಲಿಯ ಅನೇಕ ಸಾರ್ವಜನಿಕ ಅರಣ್ಯಗಳಲ್ಲಿ ಅವುಗಳನ್ನು ನಿಷೇಧಿಸಲಾಗಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿರುವ ನಮ್ಮ ದೇಶದಲ್ಲಿ, ಅದರಲ್ಲಿಯೂ ದರೋಜಿ ಕರಡಿಧಾಮದ ನೆರೆಯವರಾದ ನಮಗೆ, ಬೇಟೆಯ ಮಾತು ಸಲ್ಲದು. ಆದರೆ ಮರ ಹತ್ತುವ ಮಾತು ಸಲ್ಲುತ್ತದೆ. ಹೊಸಪೇಟೆ, ಹಂಪಿ, ಕಂಪ್ಲಿ ಭಾಗಗಳಲ್ಲಿ ವಿಜಯನಗರ ಕಾಲದ ಕಾಲುವೆಗಳ ನೀರುಂಡ ತೆಂಗಿನ ಮರಗಳಿವೆ. ಕಾಯಿ ಕೀಳುವವರು ಪಾದಗಳಿಗೆ ಹಗ್ಗದ ಬಳೆ ತೊಟ್ಟು, ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು, ಬೇರಾವ ಆಧಾರವೂ ಇಲ್ಲದೆ ಹತ್ತುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸಂಡೂರಿನ ಗಣಿಗಳಲ್ಲಿ ಎತ್ತರದ ಕೆಲಸಕ್ಕೆ ಸೇಫ್ಟಿ ಬೆಲ್ಟ್ ಬೇಕೇ ಬೇಕು, ಅದರ ಬಿಲ್ಲು ಕಂಪನಿಯ ಖರ್ಚಿಗೆ ಸೇರುತ್ತದೆ. ಅದಿರು ಸಾಗಣೆಯೊಂದಿಗೆ ತೆಂಗಿನ ತೋಟವನ್ನೂ ಉಳ್ಳ ನಮ್ಮ ಸದಸ್ಯರು ತೋಟದಲ್ಲಿ ಮಾತ್ರ ಈ ನಿಯಮವನ್ನು ಮರೆಯುವುದೇಕೆ?

ಹತ್ತಲು ಸುಲಭವಾಗಲೆಂದು ಕಾಂಡದಲ್ಲಿ ಕಚ್ಚು ಕಡಿಸುವ ಪದ್ಧತಿಯೊಂದಿದೆ. ಮಾವು, ಹುಣಸೆಗಳ ಕಾಂಡದ ಗಾಯವು ಕ್ರಮೇಣ ಮುಚ್ಚಿಕೊಳ್ಳುತ್ತದೆ. ತೆಂಗು ಹುಲ್ಲಿನ ಜಾತಿಗೆ ಹತ್ತಿರದ ಏಕದಳ ಸಸ್ಯವಾದುದರಿಂದ ಅದರ ಕಾಂಡದಲ್ಲಿ ಹೊಸ ತೊಗಟೆ ಬೆಳೆಸುವ ಪದರವೇ ಇಲ್ಲ. ಒಮ್ಮೆ ಕಡಿದ ಕಚ್ಚು ಮರವಿರುವವರೆಗೂ ಉಳಿಯುತ್ತದೆ. ಕೆಂಪು ಮೂತಿ ಹುಳು ಮತ್ತು ಕಾಂಡ ಸೋರುವ ರೋಗಗಳಿಗೆ ಇಂತಹ ಗಾಯಗಳೇ ದಾರಿ. ಅರವತ್ತು ವರ್ಷ ಫಲ ಕೊಡಬಲ್ಲ ಎತ್ತರದ ತಳಿಯ ಮರವನ್ನು ಸ್ಥಿರಾಸ್ತಿಯೆಂದು ಎಣಿಸಿದರೆ, ಇದು ಯಾವ ಪುಸ್ತಕದಲ್ಲಿಯೂ ನಮೂದಾಗದ ಸವಕಳಿ.

ಇದಕ್ಕೆ ಪರ್ಯಾಯವು ದೂರದಲ್ಲಿಲ್ಲ. ಕಣ್ಣೂರು ಜಿಲ್ಲೆಯ ಚೆಂಬೇರಿಯ ಜೋಸೆಫ್ ಎಂಬವರು ರೂಪಿಸಿದ ಯಂತ್ರವು ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಎರಡು ಚೌಕಟ್ಟುಗಳ ಉಕ್ಕಿನ ಹಗ್ಗಗಳು ಕಾಂಡವನ್ನು ಸುತ್ತಿರುತ್ತವೆ. ಒಂದರ ಮೇಲೆ ಭಾರ ಬಿದ್ದಾಗ ಅದು ಬಿಗಿಯುತ್ತದೆ, ಆಗ ಇನ್ನೊಂದನ್ನು ಸಡಿಲಿಸಿ ಮೇಲಕ್ಕೆ ಸರಿಸಬೇಕು. ನಿಂತು ಹತ್ತುವ ಈ ಯಂತ್ರದಲ್ಲಿ ಕಾಲು ಜಾರಿದರೆ ಗತಿಯೇನು ಎಂಬ ಪ್ರಶ್ನೆಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಸುರಕ್ಷಾ ಜೋಡಣೆಯೊಂದನ್ನು ಸಿದ್ಧಪಡಿಸಿತು. ಬೇಟೆಗಾರನ ಸೊಂಟಪಟ್ಟಿಯ ತತ್ತ್ವವೇ ಇಲ್ಲಿಯೂ ಇದೆ: ನೆಲ ಬಿಟ್ಟ ಕ್ಷಣದಿಂದ ಮರಳಿ ನೆಲ ಮುಟ್ಟುವವರೆಗೆ ದೇಹವು ಮರಕ್ಕೆ ಬಂಧಿತವಾಗಿರಬೇಕು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ ‘ತೆಂಗಿನ ಮರದ ಗೆಳೆಯರು’ ತರಬೇತಿಯಲ್ಲಿ ಯುವಕ ಯುವತಿಯರಿಗೆ ಯಂತ್ರದ ಮೂಲಕ ಹತ್ತುವುದನ್ನು ಕಲಿಸಲಾಯಿತು.

ಕಂಪ್ಲಿ ಕಡೆಯ ಕಕ್ಷಿದಾರರೊಬ್ಬರ ತೋಟದ ಲೆಕ್ಕವನ್ನು ನೋಡುತ್ತಿದ್ದಾಗ ‘ಕಾಯಿ ಕೀಳಿಸಿದ ಕೂಲಿ’ಯ ಸಾಲುಗಳ ನಡುವೆ ‘ಕೈಗಡ, ಆಸ್ಪತ್ರೆ’ ಎಂಬ ದೊಡ್ಡ ಮೊತ್ತವು ಕಂಡಿತು. ಬಿದ್ದವನ ಸೊಂಟದ ಮೂಳೆ ಮುರಿದಿತ್ತು. ಕೈಗಡವೆಂದರೆ ಅವನು ತೀರಿಸತಕ್ಕ ಸಾಲ! ಹಾಸಿಗೆ ಹಿಡಿದವನು ಯಾವ ದುಡಿಮೆಯಿಂದ ತೀರಿಸಬೇಕೆಂದು ನಾನು ಕೇಳಿದೆ. ಕಕ್ಷಿದಾರರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದನ್ನು ಖರ್ಚಿಗೆ ಬರೆಯಿರಿ ಎಂದರು.

ತಾಳೆ ಜಾತಿಯ ಮರಗಳಿಂದ ರಸ ಇಳಿಸುವ ಕೆಲಸಗಾರರನ್ನು 1923ರ ಕಾರ್ಮಿಕ ಪರಿಹಾರ ಕಾಯ್ದೆಯೇ ತನ್ನ ಅನುಸೂಚಿಯಲ್ಲಿ ಸೇರಿಸಿಕೊಂಡಿತ್ತು. ಆ ಕಾಯ್ದೆಯ ಸ್ಥಾನಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಂದು ಬಂದಿದೆ. ಕಾಯಿ ಕೀಳುವವನು ತಮ್ಮ ನೌಕರನೋ, ಗುತ್ತಿಗೆದಾರನ ಆಳೋ ಎಂಬುದನ್ನು ಸದಸ್ಯರು ಅಪಘಾತಕ್ಕೆ ಮೊದಲೇ ಬರವಣಿಗೆಯಲ್ಲಿ ನಿಶ್ಚಯಿಸಿಕೊಳ್ಳುವುದು ಲೇಸು. ಮಂಡಳಿಯ ‘ಕೇರ ಸುರಕ್ಷಾ’ ಅಪಘಾತ ವಿಮೆಯಲ್ಲಿ ಪ್ರೀಮಿಯಂನ ಹೆಚ್ಚಿನ ಪಾಲನ್ನು ಮಂಡಳಿಯೇ ಭರಿಸುತ್ತದೆ. ಹತ್ತುವವನು ಕಟ್ಟಬೇಕಾದ ಉಳಿದ ಅಲ್ಪ ಮೊತ್ತವನ್ನು ತೋಟದ ಯಜಮಾನರು ಕೊಟ್ಟರೆ ಹೊರೆಯಾಗದು. ಅರ್ಜಿಯ ವಿವರಗಳು ಮಂಡಳಿಯ ಬೆಂಗಳೂರು ಪ್ರಾದೇಶಿಕ ಕಚೇರಿಯಲ್ಲಿ ದೊರೆಯುತ್ತವೆ. ಬೆಲ್ಟಿನ ಹೊಲಿಗೆ ಮತ್ತು ಉಕ್ಕಿನ ಹಗ್ಗದ ಎಳೆಗಳನ್ನು ಪ್ರತಿ ಕೊಯ್ಲಿಗೆ ಮೊದಲು ನೋಡಿಸಬೇಕು. ಎಳೆ ಬಿಟ್ಟ ಹಗ್ಗವನ್ನು ಮತ್ತೆ ಬಳಸದೆ ಹೊಸದನ್ನೇ ಕೊಳ್ಳತಕ್ಕದ್ದು.