ಹೃದಯದ ವೈದ್ಯರನ್ನು ಆರಿಸುವಾಗ

ಮಗಳಿಗೆ ವರ ನೋಡುವಾಗ ನಮ್ಮ ಮನೆತನಗಳಲ್ಲಿ ಹತ್ತು ಕಡೆ ವಿಚಾರಿಸುತ್ತಾರೆ. ಮನೆಯ ಯಜಮಾನರ ಎದೆ ತೆರೆಯುವ ವೈದ್ಯರನ್ನು ಮಾತ್ರ ಬೀಗರೊಬ್ಬರ ಒಂದೇ ಮಾತಿನ ಮೇಲೆ ನಿಶ್ಚಯಿಸಿಬಿಡುತ್ತಾರೆ. ‘ಅವರು ನಮ್ಮವರೇ’ ಎಂಬ ಭರವಸೆ ಮನಸ್ಸಿಗೆ ಹಿತವಾದುದೇ ಹೌದು; ಆದರೆ ಅದು ವೈದ್ಯರ ಅನುಭವಕ್ಕೆ ಪ್ರಮಾಣವಲ್ಲ.

ಹೃದಯಾಘಾತವಾದ ಗಳಿಗೆಯಲ್ಲಿ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಎದೆ ಹಿಂಡಿದಂತಾಗಿ, ನೋವು ತೋಳಿಗೋ ದವಡೆಗೋ ಹಬ್ಬಿ, ಬೆವರು ಇಳಿಯುತ್ತಿರುವಾಗ ‘ಗ್ಯಾಸ್ ಆಗಿರಬೇಕು’ ಎಂದು ಸೋಡಾ ಕುಡಿಸಿ ಕಾಯುವುದು ಘಾತಕ. ನವಲಗುಂದ, ಕಲಘಟಗಿ, ಕುಂದಗೋಳದ ಕಡೆಯವರು ದೂರದ ದೊಡ್ಡ ವೈದ್ಯರನ್ನು ನೆನೆಯುತ್ತ ಕೂರದೆ, 108ಕ್ಕೆ ಕರೆ ಮಾಡಿ, ಇ.ಸಿ.ಜಿ. ಸೌಕರ್ಯವಿರುವ ಸಮೀಪದ ಆಸ್ಪತ್ರೆಯನ್ನು ಸೇರಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ತಾಲೂಕು ಆಸ್ಪತ್ರೆಗಳಲ್ಲಿಯೇ ಉಚಿತವಾಗಿ ದೊರೆಯಬೇಕೆಂಬುದು ರಾಜ್ಯ ಸರಕಾರದ ‘ಪುನೀತ್ ರಾಜಕುಮಾರ್ ಹೃದಯಜ್ಯೋತಿ’ ಯೋಜನೆಯ ಉದ್ದೇಶ. ಮುಂದಿನ ಚಿಕಿತ್ಸೆಯ ವಿಚಾರ ಆಮೇಲಿನದು.

ಆಘಾತವಾಗಿಲ್ಲ, ನಡೆದಾಗ ಮಾತ್ರ ಎದೆ ಬಿಗಿಯುತ್ತದೆ ಎನ್ನುವವರಿಗೆ ಸಾಮಾನ್ಯವಾಗಿ ವಿಚಾರಿಸಲು ಕಾಲಾವಕಾಶವಿರುತ್ತದೆ. ಇಂಥ 5,179 ರೋಗಿಗಳನ್ನು ಕುರಿತ ‘ಇಸ್ಕೀಮಿಯಾ’ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮೊದಲು ಔಷಧಿಯಿಂದ ಆರಂಭಿಸಿದವರಿಗೂ ಕೂಡಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ ಮರಣಸಂಖ್ಯೆಯಲ್ಲಿ ಅಂತರ ಕಂಡುಬರಲಿಲ್ಲ. ಎಡದ ಮುಖ್ಯ ರಕ್ತನಾಳವೇ ಕಟ್ಟಿಕೊಂಡವರು ಆ ಅಧ್ಯಯನದಲ್ಲಿ ಸೇರಿರಲಿಲ್ಲವೆಂಬುದನ್ನೂ ಮರೆಯಬಾರದು.

ಹಿಂದಿನವರು ಮಿರಜದ ಮಿಷನ್ ಆಸ್ಪತ್ರೆಗೆ ರೈಲು ಹತ್ತುತ್ತಿದ್ದರು. ಈಗ ಹುಬ್ಬಳ್ಳಿಯ ಕಿಮ್ಸ್, ಸತ್ತೂರಿನ ಎಸ್.ಡಿ.ಎಂ., ಬೆಳಗಾವಿಯ ಕೆ.ಎಲ್.ಇ. ಕೈಯಳತೆಯಲ್ಲಿವೆ. ಆದರೆ ಫಲಕದ ಮೇಲಿನ ‘ಹೃದಯ ತಜ್ಞ’ ಎಂಬ ಮಾತನ್ನಷ್ಟೇ ನಂಬದೆ ಪದವಿಯನ್ನು ನೋಡಬೇಕು. ಔಷಧಿ ಕೊಡುವ, ಸ್ಟೆಂಟ್ ಅಳವಡಿಸುವ ತಜ್ಞರಿಗೆ ಹೃದ್ರೋಗದಲ್ಲಿ ಡಿ.ಎಂ., ಬೈಪಾಸ್ ಮಾಡುವ ಶಸ್ತ್ರವೈದ್ಯರಿಗೆ ಎಂ.ಸಿಎಚ್. ಅಥವಾ ಇವುಗಳಿಗೆ ಸಮಾನವಾದ ಪದವಿ ಇರುತ್ತದೆ.

ಇವರಿಬ್ಬರ ದೃಷ್ಟಿಯೂ ಒಂದೇ ಆಗಿರಬೇಕೆಂದಿಲ್ಲ. ಸಕ್ಕರೆ ಕಾಯಿಲೆಯಿದ್ದು ಹಲವು ರಕ್ತನಾಳಗಳು ಕಟ್ಟಿಕೊಂಡವರಿಗೆ ಅಂದಿನ ಸ್ಟೆಂಟ್‌ಗಿಂತ ಬೈಪಾಸ್ ಹೆಚ್ಚು ಹಿತಕರವೆಂದು 2012ರ ‘ಫ್ರೀಡಂ’ ಅಧ್ಯಯನ ತೋರಿಸಿತು. ಆದುದರಿಂದ “ನಮ್ಮ ಆಂಜಿಯೋಗ್ರಾಂ ಅನ್ನು ಶಸ್ತ್ರವೈದ್ಯರೂ ನೋಡಿದ್ದಾರೆಯೇ?” ಎಂದು ಕೇಳುವುದು ಉದ್ಧಟತನವಲ್ಲ. ವರ್ಷಕ್ಕೆ ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತೀರಿ, ರಾತ್ರಿ ತೊಂದರೆಯಾದರೆ ಯಾರು ಬರುತ್ತಾರೆ, ಚಿಕಿತ್ಸೆ ಆರೋಗ್ಯ ಕಾರ್ಡಿನಲ್ಲಿ ಬರುತ್ತದೆಯೇ ಎಂದೂ ಕೇಳಬಹುದು. ಪ್ರಶ್ನೆಗೆ ಸಿಡುಕುವ ವೈದ್ಯರಿಗಿಂತ ಕಾಗದದ ಮೇಲೆ ಚಿತ್ರ ಬರೆದು ತಿಳಿಸುವವರು ಲೇಸೆಂದು ನನ್ನ ಅಭಿಪ್ರಾಯ.

ಹೊರಡುವಾಗ ಆಂಜಿಯೋಗ್ರಾಂ ಸಿ.ಡಿ.ಯನ್ನೂ ವರದಿಗಳನ್ನೂ ತಪ್ಪದೆ ಪಡೆಯಿರಿ. ಇನ್ನೊಬ್ಬ ತಜ್ಞರ ಸಲಹೆಗೆ ಅವೇ ಆಧಾರ. ಸ್ಟೆಂಟ್ ಹಾಕಿದ್ದರೆ ಅದರ ಪೊಟ್ಟಣದ ಚೀಟಿಯನ್ನೂ ಬಿಲ್ಲನ್ನೂ ಇಟ್ಟುಕೊಳ್ಳಬೇಕು. 2017ರ ಫೆಬ್ರವರಿಯಿಂದ ಕೇಂದ್ರ ಸರಕಾರ ಸ್ಟೆಂಟ್‌ಗೆ ಗರಿಷ್ಠ ಬೆಲೆಯನ್ನು ನಿಗದಿಪಡಿಸಿದೆ.